ಮಕ್ಕಳ ಕಣ್ಣಿಗೆ ಕಾಡು ತೋರಿದ ಕಾರಂತರು

ಕೋಟ ಶಿವರಾಮ ಕಾರಂತರ ಹೆಸರೆತ್ತಿದೊಡನೆ ಕನ್ನಡ ಓದುಗರ ನೆನಪಿಗೆ ಬರುವುದು ಅವರ ಕಾದಂಬರಿಗಳು, ಅನಂತರ ಯಕ್ಷಗಾನ, ಆಮೇಲೆ ಅವರ ನಿಷ್ಠುರವಾದ ಮಾತು. 47 ಕಾದಂಬರಿಗಳನ್ನು ಬರೆದು 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಲೇಖಕರ ವಿಷಯದಲ್ಲಿ ಇದು ಸಹಜವೇ ಸರಿ. ಆದರೆ ಅವರ ತೊಂಬತ್ತೈದು ವರ್ಷಗಳ ಬಾಳನ್ನು ಆದ್ಯಂತವಾಗಿ ಗಮನಿಸಿದವರಿಗೆ ಇನ್ನೊಂದು ಸಂಗತಿಯೂ ತೋರದೆ ಇರದು. ಮಕ್ಕಳಿಗೆ ಲೋಕವನ್ನು, ಅದರಲ್ಲಿಯೂ ಗಿಡಮರ ಪ್ರಾಣಿಪಕ್ಷಿಗಳ ಲೋಕವನ್ನು, ತೋರಿಸಿಕೊಡುವ ಹಂಬಲ ಅವರನ್ನು ಯೌವನದಲ್ಲಿ ಹಿಡಿದದ್ದು ಮುಪ್ಪಿನವರೆಗೂ ಬಿಡಲಿಲ್ಲ. ಎರಡು ದಶಕಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ, ವರ್ಷಗಳು ಕಳೆದಂತೆಲ್ಲ, ಕಾದಂಬರಿಕಾರ ಕಾರಂತರ ಬೇರುಗಳು ಈ ಮೇಷ್ಟರ ಕಾರಂತರಲ್ಲಿಯೇ ಇವೆಯೆಂಬ ನಂಬಿಕೆ ಬಲವಾಗುತ್ತ ಬಂದಿದೆ. ಆ ನಂಬಿಕೆಗೆ ಆಧಾರವಾದ ಬಾಳಿನ ಕಥೆಯನ್ನು ಇಲ್ಲಿ ನಿರೂಪಿಸುತ್ತೇನೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕುಂದಾಪುರದ ದಕ್ಷಿಣಕ್ಕಿರುವ ಕೋಟ ಎಂಬ ಊರಿನಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಗದ್ದೆ, ಬಡಗಣ ದಿಕ್ಕಿಗೆ ಹೋದರೆ ಕುಂದಾಪುರದ ಹೊಳೆಬಾಯಿ. ಇದು ಆ ನಾಡಿನ ಲಕ್ಷಣ. ಉಪ್ಪುನೀರು ಏರಿ ಇಳಿಯುವ ಆ ಹೊಳೆಬಾಯಿಯ ಕೆಸರಿನಲ್ಲಿ ಕಾಂಡ್ಲ ಮರಗಳು ಬೆಳೆಯುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬೇರಿಗೆ ಉಸಿರು ಸಿಗದು. ಆದ್ದರಿಂದ ಆ ಜಾತಿಯ ಕೆಲವು ಮರಗಳು ಬೇರುಗಳನ್ನು ಗೂಟಗಳಂತೆ ಕೆಸರಿನಿಂದ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಕೆಲವು ಜಾತಿಗಳಲ್ಲಿ ಬೀಜ ತಾಯಿಮರದಲ್ಲಿದ್ದಾಗಲೇ ಮೊಳೆತು, ಉದ್ದನೆಯ ಮೊಳಕೆಯಾಗಿ ಕೆಳಗೆ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಕರಾವಳಿಯ ಮಗುವಿಗೆ ಇದೆಲ್ಲ ದಿನನಿತ್ಯ ಕಣ್ಣಿಗೆ ಬೀಳುವ ನೋಟ. ಆದರೆ ಆ ಕಾಲದ ಶಾಲೆಯ ಪುಸ್ತಕದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹೊರಗಿನ ಲೋಕ ಒಂದು, ಪುಸ್ತಕದ ಲೋಕ ಮತ್ತೊಂದು. ಈ ಎರಡರ ನಡುವಣ ಬಿರುಕೇ ಮುಂದೆ ಕಾರಂತರ ಜೀವಮಾನದ ಸಮಸ್ಯೆಯಾಯಿತೆಂದರೆ ತಪ್ಪಾಗಲಾರದು.

ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆ ಬಂತು. ಗಾಂಧೀಜಿಯವರ ಮಾತಿಗೆ ಓಗೊಟ್ಟು ತರುಣ ಕಾರಂತರು ಕಾಲೇಜನ್ನು ಬಿಟ್ಟರು. ಅಲ್ಲಿಗೆ ಅವರ ಪದವಿಯ ಆಸೆ ಮುಗಿಯಿತು. ಕಲಿಕೆ ಮಾತ್ರ ನಿಜವಾಗಿ ಆಗ ಆರಂಭವಾಯಿತು. ಖಾದಿಯ ಪ್ರಚಾರ, ಸಮಾಜಸುಧಾರಣೆಯ ಓಡಾಟ, ‘ವಸಂತ’ ಪತ್ರಿಕೆಯ ಸಂಪಾದಕತ್ವ, ನಾಟಕ, ಛಾಯಾಚಿತ್ರ, ಮೂಕಿ ಚಿತ್ರಗಳ ತಯಾರಿಕೆ, ಹೀಗೆ ಒಂದಾದ ಮೇಲೊಂದು ಪ್ರಯೋಗಗಳಲ್ಲಿ ಅವರು ತೊಡಗಿದರು. ಹೊರಗಿನಿಂದ ನೋಡಿದವರಿಗೆ ಇದು ನೆಲೆ ಕಾಣದ ಮನಸ್ಸಿನ ಅಲೆದಾಟ. ಒಳಗಿನ ಎಳೆಯೊಂದು ಮಾತ್ರ ತುಂಡಾಗಿರಲಿಲ್ಲ: ತಾನೇ ಕಂಡು, ಮುಟ್ಟಿ, ಮಾಡಿ ನೋಡಿದ್ದನ್ನಲ್ಲದೆ ಬೇರೊಬ್ಬರು ಹೇಳಿದ್ದನ್ನು ಒಪ್ಪಲಾರದ ಸ್ವಭಾವ. ಇಂಥ ಸ್ವಭಾವದವನು ಶಾಲೆಯೊಂದನ್ನು ಕಟ್ಟಹೊರಟರೆ ಅದು ಎಂಥ ಶಾಲೆಯಾದೀತೆಂದು ಊಹಿಸುವುದು ಕಷ್ಟವಲ್ಲ.

ಆ ಅವಕಾಶವನ್ನು ಒದಗಿಸಿದ ಊರು ಪುತ್ತೂರು. ಸಹಕಾರೀ ಚಳವಳಿಯ ಧುರೀಣರಾಗಿ ಜಿಲ್ಲೆಗೆಲ್ಲ ಮಾನ್ಯರಾಗಿದ್ದ ಮೊಳಹಳ್ಳಿ ಶಿವರಾಯರು ಅಲ್ಲಿದ್ದರು. ಅವರ ಒತ್ತಾಸೆ ಕಾರಂತರಿಗೆ ದೊರೆಯಿತು. 1930ರ ದಶಕದಲ್ಲಿ ಪುತ್ತೂರಿನ ದಸರಾ ನಾಡಹಬ್ಬ ನಾಡಿನ ಸಾಹಿತಿಗಳನ್ನೂ ಕಲಾವಿದರನ್ನೂ ಆ ಸಣ್ಣ ಪೇಟೆಗೆ ಬರಮಾಡಿಕೊಂಡಿತು. ಪೇಟೆಯ ಅಂಚಿನ ಪರ್ಲಡ್ಕದ ಗುಡ್ಡದ ಮೇಲೆ ಕಾರಂತರು ‘ಬಾಲವನ’ವನ್ನು ಕಟ್ಟಿದರು. ಮಕ್ಕಳು ಬೆತ್ತದ ಭಯವಿಲ್ಲದೆ ಆಡುತ್ತ, ಹಾಡುತ್ತ, ಚಿತ್ರ ಬರೆಯುತ್ತ, ಕುಣಿಯುತ್ತ ಕಲಿಯಬೇಕೆಂಬುದು ಅದರ ಉದ್ದೇಶ. ಶಾಲೆಗೆ ವನವೆಂದು ಹೆಸರಿಟ್ಟುದರಲ್ಲಿಯೇ ಅವರ ಶಿಕ್ಷಣತತ್ತ್ವ ಅಡಗಿದೆ. ಅದು ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಲಿಲ್ಲ. ಆದರೆ ಆ ಗುಡ್ಡದ ಮೇಲೆ ಸುಮಾರು ನಾಲ್ಕು ದಶಕಗಳ ಕಾಲ ಕಾರಂತರ ಮನೆಯಿತ್ತು, ಮುದ್ರಣಾಲಯವಿತ್ತು, ರಂಗಶಾಲೆಯಿತ್ತು. ಅವರ ಮುಖ್ಯ ಕೃತಿಗಳಲ್ಲಿ ಬಹುಪಾಲು ಹುಟ್ಟಿದ್ದು ಅಲ್ಲಿ.

ಪುತ್ತೂರಿನ ಸ್ಥಾನವೂ ಇಲ್ಲಿ ವಿಚಾರಾರ್ಹವಾದದ್ದು. ಅಂದು ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪುತ್ತೂರು ತಾಲೂಕು ಬಹು ವಿಸ್ತಾರವಾದದ್ದು. ಇಂದಿನ ಸುಳ್ಯ ತಾಲೂಕೂ, 2018ರಲ್ಲಿ ಹೊಸದಾಗಿ ರಚಿತವಾದ ಕಡಬ ತಾಲೂಕೂ ಅಂದು ಅದರ ಒಡಲಿನಲ್ಲಿಯೇ ಇದ್ದುವು. ಪಡುವಣದಲ್ಲಿ ಮುರಕಲ್ಲಿನ ಪದವುಗಳು. ನಡುವೆ ತೋಡುಗಳ ಬದಿಯ ಅಡಿಕೆ ತೋಟಗಳು. ಮೂಡಣಕ್ಕೆ ಸಾಗಿದಂತೆ ಸುಬ್ರಹ್ಮಣ್ಯದ ದಟ್ಟವಾದ ಕಾಡು. ಅದರ ಮೇಲೆ 1712 ಮೀಟರ್ ಎತ್ತರದ ಕುಮಾರಪರ್ವತ. ಅಲ್ಲಿಂದಿಳಿದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಆ ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಹೋಗುತ್ತದೆ. ದಶಂಬರದಿಂದ ಏಪ್ರಿಲ್ ತನಕ ಆಕಾಶ ಬಹುತೇಕ ಬರಿದು. ನಾಲ್ಕು ತಿಂಗಳು ಮುಳುಗಿಸುವ ನೀರು, ನಾಲ್ಕೈದು ತಿಂಗಳು ಬಾಯಾರಿಸುವ ಬಿಸಿಲು. ಈ ಎರಡನ್ನೂ ತಾಳಿಕೊಳ್ಳದ ಗಿಡಕ್ಕೆ ಇಲ್ಲಿ ಬಾಳಿಲ್ಲ. ಗಿಡಮರಗಳು ತಮ್ಮ ನೆಲಕ್ಕೆ ಹೇಗೆ ಒಗ್ಗಿಕೊಂಡಿವೆಯೆಂಬುದನ್ನು ಮಕ್ಕಳಿಗೆ ಕಲಿಸಬೇಕೆಂದಿದ್ದರೆ ಇದಕ್ಕಿಂತ ಉತ್ತಮವಾದ ಶಾಲೆಯನ್ನು ಹುಡುಕಬೇಕಾಗಿಲ್ಲ.

ಆ ಕಾಲಕ್ಕೆ ಕನ್ನಡದಲ್ಲಿ ಮಕ್ಕಳಿಗಾಗಿ ಏನೂ ಇರಲಿಲ್ಲವೆಂದಲ್ಲ. ಇದೇ ಜಿಲ್ಲೆಯ ಪಂಜೆ ಮಂಗೇಶರಾಯರು ಕಥೆ ಕವಿತೆಗಳಿಂದ ಮಕ್ಕಳ ಬಾಯಿಗೆ ಸವಿಗನ್ನಡವನ್ನು ತಂದಿದ್ದರು. ಆದರೆ ಮಗು ಕಥೆಯನ್ನಷ್ಟೇ ಕೇಳುವುದಿಲ್ಲ. ಮಳೆ ಎಲ್ಲಿಂದ ಬರುತ್ತದೆ, ನಕ್ಷತ್ರ ಏಕೆ ಬೀಳುವುದಿಲ್ಲ, ಎಲೆ ಏಕೆ ಹಸುರು ಎಂದೂ ಕೇಳುತ್ತದೆ. ಇಂಗ್ಲಿಷ್ ಬಲ್ಲ ಮನೆಗಳ ಮಕ್ಕಳಿಗೆ ಇದಕ್ಕೆ ಉತ್ತರ ಹೇಳುವ ಸಚಿತ್ರ ವಿಶ್ವಕೋಶಗಳು ಇದ್ದುವು. ಕನ್ನಡದ ಮಗುವಿಗೆ ಇರಲಿಲ್ಲ. ಅದಕ್ಕಾಗಿ ಒಂದು ಸಮಿತಿಯನ್ನೋ ವಿಶ್ವವಿದ್ಯಾಲಯವನ್ನೋ ಕಾರಂತರು ಕಾಯಲಿಲ್ಲ. ತಾವೇ ಓದಿ, ತಾವೇ ಬರೆದು, ಚಿತ್ರಗಳನ್ನು ಕೂಡಿಸಿ, 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಆಗ ಅವರ ವಯಸ್ಸು ಮೂವತ್ತನಾಲ್ಕನ್ನು ಮುಟ್ಟಿರಲಿಲ್ಲ, ಇಲ್ಲವೆ ಆಗತಾನೇ ಮುಟ್ಟಿತ್ತು. ಪದವಿಯಿಲ್ಲದ ಒಬ್ಬ ತರುಣ, ವಿಜ್ಞಾನದ ಪಾರಿಭಾಷಿಕ ಶಬ್ದಗಳೇ ಸರಿಯಾಗಿ ಕುದುರಿರದ ಭಾಷೆಯಲ್ಲಿ, ಒಬ್ಬಂಟಿಯಾಗಿ ಈ ಕಾರ್ಯವನ್ನು ನೆರವೇರಿಸಿದನೆಂಬುದು ಇಂದಿಗೂ ಬೆರಗಿನ ವಿಷಯವೇ. ಅದಕ್ಕೆ ಬರಿಯ ಉತ್ಸಾಹ ಸಾಲದು. ಕನ್ನಡದಲ್ಲಿ ಏನನ್ನೂ ಹೇಳಬಹುದೆಂಬ ಅಚಲವಾದ ವಿಶ್ವಾಸ ಬೇಕು.

ಕಾರಂತರ ಬೋಧನೆಯ ಹದವೇನೆಂದರೆ, ಹೆಸರಿಗಿಂತ ಮೊದಲು ವಸ್ತು. ವ್ಯಾಖ್ಯೆಗಿಂತ ಮೊದಲು ನೋಟ. ಈ ಕ್ರಮವನ್ನು ಅವರು ನಾಲ್ಕು ದಶಕ ತಿರುಗಾಡಿದ ನೆಲಕ್ಕೇ ಅನ್ವಯಿಸಿ ನೋಡುವುದು ಉಚಿತ. ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿ ಜಾರಿಹೋಗುವುದನ್ನು ಪುತ್ತೂರಿನ ಯಾವ ಮಗು ಕಂಡಿಲ್ಲ? ಎಡೆಬಿಡದ ಮಳೆಯಲ್ಲಿ ಎಲೆ ತೊಯ್ದೇ ಇದ್ದರೆ ಅದರ ಉಸಿರಾಟಕ್ಕೆ ತೊಡಕು, ಬೂಸರಿಗೆ ಅನುಕೂಲ. ಅದನ್ನು ತಪ್ಪಿಸಲು ಎಲೆಯ ಮೈಗೆ ಮೇಣದಂಥ ಹೊದಿಕೆ. ಅದೇ ಎಲೆಯಿಂದ ಮನೆಯಲ್ಲಿ ಪತ್ರೊಡೆ ಮಾಡುವಾಗ ಹುಣಿಸೆಹುಳಿ ಹಾಕುವುದು ಏಕೆಂದು ಮಗು ಅಜ್ಜಿಯನ್ನು ಕೇಳಿದರೆ, ಹಾಕದಿದ್ದರೆ ಬಾಯಿ ತುರಿಸುತ್ತದೆಂಬ ಉತ್ತರ ಬರುತ್ತದೆ. ಆ ತುರಿಕೆ ಎಲೆಯೊಳಗಿರುವ ಕಣ್ಣಿಗೆ ಕಾಣದ ಸೂಜಿಹರಳುಗಳದು. ತನ್ನನ್ನು ಮೇಯಬರುವ ಪ್ರಾಣಿಗಳಿಂದ ಕೆಸು ಉಳಿದುಕೊಳ್ಳುವ ಉಪಾಯ ಅದು. ಅಡುಗೆಮನೆಯ ಒಂದು ಎಲೆಯಲ್ಲಿಯೇ ಎರಡು ಪಾಠಗಳು ದೊರೆತುವಲ್ಲವೆ!

ಅಂಗಳದಿಂದ ತುಸು ಮುಂದೆ ಹೋಗಿ ಹಳೆಯ ಮರದ ಕವಲನ್ನು ನೋಡಿದರೆ ಮರಕೆಸು ಕಾಣುತ್ತದೆ. ನೆಲದ ಕತ್ತಲೆಯಲ್ಲಿ ಬೆಳಕಿಗಾಗಿ ಹೋರಾಡುವ ಬದಲು ಅದು ಮರದ ಮೇಲೆಯೇ ಮನೆಮಾಡಿದೆ. ಮಳೆಗಾಲದಲ್ಲಿ ಎಲೆ ಬಿಚ್ಚಿ, ಮಳೆ ಮುಗಿದ ಮೇಲೆ ಗಡ್ಡೆಯಾಗಿ ಮಲಗಿ, ಬೇಸಗೆಯನ್ನು ನಿದ್ದೆಯಲ್ಲಿಯೇ ಕಳೆಯುತ್ತದೆ. ಕೊಕ್ಕೆಗಳುಳ್ಳ ಅದರ ಪುಟ್ಟ ಮರಿಗಡ್ಡೆಗಳು ಪ್ರಾಣಿಪಕ್ಷಿಗಳ ಮೈಗೆ ಅಂಟಿಕೊಂಡು ಇನ್ನೊಂದು ಮರಕ್ಕೆ ಪಯಣ ಮಾಡುತ್ತವೆ. ಅದರ ನೆರೆಯಲ್ಲಿಯೇ ತೂಗುವ ಸೀತಾಳೆ ದಂಡೆಯ ಬೇರುಗಳಿಗೆ ಮಣ್ಣಿನ ಹಂಗಿಲ್ಲ. ಗಾಳಿಯಲ್ಲಿ ಇಳಿಬಿದ್ದ ಆ ಬೇರುಗಳ ಸುತ್ತಲೂ ಮೆತ್ತನೆಯ ಹೊದಿಕೆಯೊಂದಿದ್ದು, ಮಳೆಹನಿ ತಗಲಿದೊಡನೆ ನೀರನ್ನು ಹೀರಿಕೊಳ್ಳುತ್ತದೆ. ತುಳುವಿನಲ್ಲಿ ಎಡ್ಡೆಮುಂಚಿಯೆನಿಸಿಕೊಂಡ ಕಾಳುಮೆಣಸಿನ ಬಳ್ಳಿ ಗೆಣ್ಣುಗೆಣ್ಣಿನಲ್ಲಿ ಬೇರುಬಿಟ್ಟು ಅಡಿಕೆ ಮರವನ್ನು ತಬ್ಬಿ ಏರುತ್ತದೆ. ಕಾಡಿನ ಬೆತ್ತಕ್ಕೆ ಅಂಥ ಬೇರಿಲ್ಲ. ಅದು ಕೊಕ್ಕೆಮುಳ್ಳುಗಳಿಂದ ನೆರೆಮರಗಳನ್ನು ಹಿಡಿದೆಳೆದುಕೊಂಡು ಬೆಳಕಿಗೆ ಏರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಗೋಳಿಯ ಬೀಜವಂತೂ ಬೇರೊಂದು ಮರದ ನೆತ್ತಿಯಲ್ಲಿ ಮೊಳೆತು, ಬೇರುಗಳನ್ನು ಕೆಳಗಿಳಿಸಿ, ಆಶ್ರಯವಿತ್ತ ಮರವನ್ನೇ ಕಡೆಗೆ ನುಂಗುವುದುಂಟು. ಗುರಿಯೊಂದೇ, ಬೆಳಕು, ದಾರಿಗಳು ನಾಲ್ಕು.

ಕಾಡು ಬಿಟ್ಟು ಮುರಕಲ್ಲಿನ ಪದವಿಗೆ ಬಂದರೆ ಪಾಠ ಬೇರೆಯಾಗುತ್ತದೆ. ಅಲ್ಲಿ ಬೆಳಕಿಗೆ ಕೊರತೆಯಿಲ್ಲ, ಮಣ್ಣಿಗೆ ಕೊರತೆ. ಮಳೆಗಾಲದಲ್ಲಿ ಬಂಡೆಯ ಮೇಲೆ ನಿಂತ ತೆಳುನೀರಿನ ಬಳಿ ಬಾಗಿ ನೋಡಿದವರಿಗೆ, ಎಲೆಯ ರೋಮಗಳ ತುದಿಯಲ್ಲಿ ಅಂಟುಹನಿಗಳನ್ನು ಹೊತ್ತ ಬಟ್ಟಗಲದ ಡ್ರೊಸೆರ ಗಿಡಗಳು ಕಾಣಬಹುದು. ಆ ಹನಿಗಳಿಗೆ ಸಿಕ್ಕಿಬಿದ್ದ ಸಣ್ಣ ಕೀಟಗಳನ್ನು ಗಿಡ ಜೀರ್ಣಿಸಿಕೊಳ್ಳುತ್ತದೆ. ಬಡಮಣ್ಣು ಕೊಡಲಾರದ ಸಾರವನ್ನು ಅದು ಹೀಗೆ ಪಡೆಯುತ್ತದೆ. ಬೇಸಗೆಯಲ್ಲಿ ಬೂರುಗದ ಮರ ಎಲೆಗಳನ್ನೆಲ್ಲ ಉದುರಿಸಿ ನೀರಿನ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಬರಿಯ ಕೊಂಬೆಗಳಲ್ಲಿ ಕೆಂಪು ಹೂ ಅರಳಿಸಿ ದೂರದ ಹಕ್ಕಿಗಳಿಗೂ ಕಾಣುವಂತೆ ಮಾಡುತ್ತದೆ. ಅನಂತರ ಅರಳೆಯ ಸಂಗಡ ಬೀಜಗಳನ್ನು ಗಾಳಿಗೆ ಒಪ್ಪಿಸುತ್ತದೆ. ಪೋರ್ಚುಗೀಸರ ಕಾಲದಲ್ಲಿ ಬ್ರೆಜಿಲಿನಿಂದ ಬಂದ ಗೇರುಮರ ಇದೇ ಒಣಗುಡ್ಡಗಳಲ್ಲಿ ಆಳಕ್ಕೆ ಬೇರಿಳಿಸಿ ನೆಲೆಯೂರಿದೆ. ಗೇರು ಸಂಶೋಧನಾ ನಿರ್ದೇಶನಾಲಯವೇ ಇಂದು ಪುತ್ತೂರಿನಲ್ಲಿದೆಯೆಂದರೆ, ಪರದೇಶದ ಮರವೊಂದು ಈ ಮಣ್ಣಿಗೆ ಎಷ್ಟು ಒಗ್ಗಿತೆಂಬುದು ತಿಳಿಯುತ್ತದೆ.

ಇಲ್ಲಿ ಕನ್ನಡದ ಅಧ್ಯಾಪಕನಾಗಿ ನಾನೊಂದು ಮಾತನ್ನು ಹೇಳಬೇಕಾಗಿದೆ. ಪಠ್ಯಪುಸ್ತಕಗಳಲ್ಲಿ ಈ ವಿಷಯಕ್ಕೆ ‘ಹೊಂದಾಣಿಕೆ’ಯೆಂಬ ಶಬ್ದ ಬಳಕೆಯಲ್ಲಿದೆ. ಮನೆಯ ಮಾತಿನಲ್ಲಿ ಹೊಂದಾಣಿಕೆಯೆಂದರೆ ಒಬ್ಬರಿಗೊಬ್ಬರು ತಗ್ಗಿ ನಡೆಯುವುದು, ರಾಜಿಯಾಗುವುದು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡ ಮಗು, ಬೆತ್ತವು ಮೇಲೇರಬೇಕೆಂದು ಯೋಚಿಸಿ ಮುಳ್ಳನ್ನು ಬೆಳೆಸಿಕೊಂಡಿತೆಂದು ತಿಳಿಯುತ್ತದೆ. ಸಂಗತಿ ಹಾಗಿಲ್ಲ. ಒಂದೇ ಜಾತಿಯ ಗಿಡಗಳಲ್ಲಿಯೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಆ ನೆಲಕ್ಕೆ ತಕ್ಕ ವ್ಯತ್ಯಾಸವುಳ್ಳವು ಹೆಚ್ಚು ಉಳಿದು, ಹೆಚ್ಚು ಬೀಜ ಬಿಟ್ಟವು, ಉಳಿದವು ಅಳಿದುವು. ಎಣಿಸಲಾಗದಷ್ಟು ತಲೆಮಾರುಗಳಲ್ಲಿ ಹೀಗೆ ನಡೆದುದರ ಫಲವೇ ಇಂದಿನ ಕೊಕ್ಕೆಮುಳ್ಳು. ಡಾರ್ವಿನ್ ಕಂಡುಕೊಂಡ ಈ ತತ್ತ್ವದಲ್ಲಿ ಗಿಡದ ಇಚ್ಛೆಗೂ ಎಡೆಯಿಲ್ಲ, ಹೊರಗಿನ ಪವಾಡಕ್ಕೂ ಎಡೆಯಿಲ್ಲ. ಪವಾಡಗಳನ್ನು ಒಪ್ಪದಿದ್ದ, ಪ್ರಶ್ನಿಸದೆ ಯಾವುದನ್ನೂ ಸ್ವೀಕರಿಸದಿದ್ದ ಕಾರಂತರಿಗೆ ಜೀವವಿಕಾಸದ ಚಿಂತನೆ ಹತ್ತಿರವಾದದ್ದು ಆಕಸ್ಮಿಕವಲ್ಲ. ಜೀವಿಯನ್ನು ಅದರ ನೆಲದಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದೆಂಬುದೇ ಅದರ ತಿರುಳು. ಕಾರಂತರ ಸಾಹಿತ್ಯದ ತಿರುಳೂ ಅದೇ.

‘ಬಾಲ ಪ್ರಪಂಚ’ ಪ್ರಕಟವಾದ ವರ್ಷವೇ, 1936ರಲ್ಲಿ, ಕಾರಂತರು ಲೀಲಾ ಆಳ್ವರನ್ನು ವಿವಾಹವಾದರು. ಬ್ರಾಹ್ಮಣ ವರ, ಬಂಟ ವಧು. ಆ ಕಾಲದ ಸಮಾಜಕ್ಕೆ ಅದು ಸುಲಭವಾಗಿ ಜೀರ್ಣವಾಗುವ ಸಂಗತಿಯಾಗಿರಲಿಲ್ಲ. ಮರಾಠಿಯನ್ನು ಬಲ್ಲ ಲೀಲಾ ಅವರು ಹರಿ ನಾರಾಯಣ ಆಪಟೆಯವರ ಕಾದಂಬರಿಯನ್ನು ಕನ್ನಡಿಸಿದ ವಿದುಷಿ. ನಾಳೆಯ ವರಮಾನದ ಖಾತ್ರಿಯಿಲ್ಲದೆ ಬರವಣಿಗೆಯನ್ನೇ ನಂಬಿದ್ದ ಗಂಡನ ಮನೆಯನ್ನು ಅವರು ಬಾಲವನದ ಗುಡ್ಡದ ಮೇಲೆ ಅರ್ಧ ಬಾಳುದ್ದಕ್ಕೆ ನಡೆಸಿದರು. ಆ ಗುಡ್ಡದ ಮಕ್ಕಳಲ್ಲಿ ಒಬ್ಬರಾದ ಉಲ್ಲಾಸ ಕಾರಂತರು ಮುಂದೆ ಹುಲಿಗಳ ಜೀವನವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ ವಿಶ್ವಮಾನ್ಯರಾದರು. ಮಗಳು ಮಾಳವಿಕಾ ಅವರು ಮಕ್ಕಳ ಮನಸ್ಸನ್ನು ಅರಿಯುವ ಮನಶ್ಶಾಸ್ತ್ರವನ್ನು ಆರಿಸಿಕೊಂಡರು. ಕಾಡು ಮತ್ತು ಮಗು, ತಂದೆಯ ಎರಡು ಹಂಬಲಗಳೂ ಮುಂದಿನ ತಲೆಮಾರಿಗೆ ಸಂದವು.

ಕಾದಂಬರಿಗಳಿಗೆ ಬರೋಣ. 1933ರ ‘ಚೋಮನ ದುಡಿ’ಯಲ್ಲಿ ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬ ಆಸೆಯನ್ನು ಹೊತ್ತ ಚೋಮ, ಆ ನೆಲ ಸಿಗದೆ ಅಳಿಯುತ್ತಾನೆ. ನೀರಿದ್ದೂ ಬೇರೂರಲು ಬಿಡದ ಸಮಾಜದ ಚಿತ್ರ ಅದು. 1943ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನಿಗೆ ಮುದುಕ ಗೋಪಾಲಯ್ಯನ ಮನೆ ಆಶ್ರಯ ಕೊಡುತ್ತದೆ. ಕಾಡನ್ನು ತಿದ್ದಿ ತೋಟ ಮಾಡಿದ ಗೋಪಾಲಯ್ಯ ಮಳೆ, ಆನೆ, ಹುಲಿ ಎಲ್ಲವನ್ನೂ ಎದುರಿಸಿ ಆ ನೆಲಕ್ಕೆ ಅಂಟಿಕೊಂಡಿದ್ದಾನೆ. ಅವನ ಮಗ ಶಂಭುವಾದರೋ ಮನೆ ಬಿಟ್ಟು ಹೋಗಿದ್ದಾನೆ. ಶಂಕರಮ್ಮನ ಕಣ್ಣೀರು ಆ ಬೆಟ್ಟದ ಮೌನದಲ್ಲಿ ಬೆರೆತಿದೆ. ಬೇರೂರಿದ ಮರ, ದೂರ ಹಾರಿದ ಬೀಜ: ಕಾದಂಬರಿಯ ದುಃಖವೆಲ್ಲ ಇಷ್ಟರಲ್ಲಿದೆ. 1951ರ ‘ಕುಡಿಯರ ಕೂಸು’ ಇನ್ನೂ ಮೇಲಿನ ಮಲೆಗೆ ಹೋಗಿ ಕಾಡನ್ನೇ ಬಾಳಾಗಿಸಿಕೊಂಡ ಕುಡಿಯರ ಬದುಕನ್ನು ಕಾಣಿಸುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಗಿಡವನ್ನು ನೋಡಿದ ಕಣ್ಣೇ ಕಾದಂಬರಿಯಲ್ಲಿ ಮನುಷ್ಯನನ್ನು ನೋಡಿತು. ಇವನು ಎಲ್ಲಿ ಬೆಳೆದ, ಅಲ್ಲಿ ಅವನಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ, ದೊರೆಯದುದಕ್ಕೆ ಅವನು ಏನು ಮಾಡಿದ? ಕಾರಂತರ ಕಾದಂಬರಿಗಳು ಕೇಳುವ ಪ್ರಶ್ನೆಗಳು ಇವು.

1955ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಷ್ಟು ಕೀರ್ತಿ ಬಂದ ಲೇಖಕ ಮಕ್ಕಳ ಪಾಠಕ್ಕೂ ವಿಜ್ಞಾನಕ್ಕೂ ಮರಳಿ ಬರಬೇಕಾದ ಅಗತ್ಯವಿರಲಿಲ್ಲ. ಕಾರಂತರು ಮರಳಿದರು. ಮೊದಲು ಮಕ್ಕಳಿಗಾಗಿ ಮಾಡಿದ ಕೆಲಸವನ್ನು ಬೆಳೆದವರಿಗಾಗಿ ವಿಸ್ತರಿಸಿ, 1959ರಿಂದ 1964ರ ಅವಧಿಯಲ್ಲಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ರಚಿಸಿದರು. ರೇಚಲ್ ಕಾರ್ಸನ್ ಕಡಲನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಿಂದ ಕನ್ನಡಿಸಿದರು. ಈ ದುಡಿಮೆಯ ನಡುವೆಯೇ, 1961ರಲ್ಲಿ, ಹಿರಿಯ ಮಗ ಹರ್ಷ ತೀರಿಕೊಂಡ. ಪುತ್ತೂರಿನ ಮುದ್ರಣಾಲಯಕ್ಕೆ ಇದ್ದ ಹೆಸರು ಆ ಮಗನದೇ. ಆ ಹೆಸರನ್ನು ಹೊತ್ತ ಪುಸ್ತಕಗಳು ಅನಂತರವೂ ಹೊರಬಂದುವು. ಸಂಪುಟಗಳು ಅರ್ಧಕ್ಕೆ ನಿಲ್ಲಲಿಲ್ಲ. ಇದನ್ನು ಬರೆಯುವಾಗ ವಿಶೇಷಣಗಳನ್ನು ಹುಡುಕಲು ನನಗೆ ಮನಸ್ಸಾಗದು.

ಈ ಗ್ರಂಥಗಳಿಗೆ ಮಿತಿಗಳಿಲ್ಲವೆಂದು ವಾದಿಸುವುದು ಕಾರಂತರಿಗೇ ಸಮ್ಮತವಾಗಲಾರದು. ವಿಜ್ಞಾನ ನಿಂತ ನೀರಲ್ಲ. 1936ರಲ್ಲಿ ತಿಳಿದಿದ್ದುದರಲ್ಲಿ ಎಷ್ಟೋ ಅಂಶ ಇಂದು ಬದಲಾಗಿದೆ. ಒಬ್ಬನೇ ವ್ಯಕ್ತಿ ಎಲ್ಲ ಶಾಸ್ತ್ರಗಳನ್ನೂ ಬರೆದಾಗ ಎಲ್ಲೆಡೆಯಲ್ಲಿಯೂ ಒಂದೇ ಆಳ ಸಾಧ್ಯವಿಲ್ಲ. ಗದ್ಯವೂ ಕೆಲವೆಡೆ ಬಿರುಸು. ಸಸ್ಯಶಾಸ್ತ್ರವನ್ನೇ ವೃತ್ತಿಯಾಗಿಸಿಕೊಂಡಿದ್ದ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು, ಗಿಡಗಳ ವಿಷಯವನ್ನು ನಗೆಯ ಲೇಪದೊಡನೆ ಹೇಳಬಹುದೆಂದು ತೋರಿಸಿದುದು ಮುಂದೆ 1976ರಲ್ಲಿ. ಆದರೆ ದಾರಿಯನ್ನು ಮೊದಲು ಕಡಿದವನಿಗೆ ದಾರಿಯ ಅಂದವನ್ನು ನೋಡಲು ಬಿಡುವಿರುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವವರೆಲ್ಲರೂ, ತಿಳಿದೋ ತಿಳಿಯದೆಯೋ, ಪುತ್ತೂರಿನ ಆ ಕಾಲುದಾರಿಯಲ್ಲಿ ನಡೆದವರೇ.

1970ರ ದಶಕದಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು ಹುಟ್ಟೂರ ಬಳಿಯ ಸಾಲಿಗ್ರಾಮಕ್ಕೆ ತೆರಳಿದರು. ವಿಶ್ರಾಂತಿ ಅವರ ಪಾಲಿಗೆ ಬರಲಿಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಉತ್ತರ ಕನ್ನಡದ ಬೇಡ್ತಿ ಕಣಿವೆಯನ್ನು ಮುಳುಗಿಸಲಿದ್ದ ಜಲವಿದ್ಯುತ್ ಯೋಜನೆಯ ವಿರುದ್ಧ ರೈತರೊಡನೆ ದನಿಗೂಡಿಸಿದರು. ಕೈಗಾದ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ ಸುಪ್ರೀಂ ಕೋರ್ಟಿನ ತನಕ ಹೋದರು. ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಅದೇ ಜಿಲ್ಲೆಯಿಂದ ಸ್ಪರ್ಧಿಸಿ ಸೋತರು. ಬೇಡ್ತಿ ಯೋಜನೆ ಅಂದು ನಿಂತಿತು; ಕೈಗಾ ಸ್ಥಾವರ ನಿಲ್ಲಲಿಲ್ಲ. ಇದನ್ನು ಮುದುಕರ ಹಠವೆಂದು ನಕ್ಕವರಿದ್ದರು. ಸ್ಥಾವರದ ಪರವಾಗಿ ವಿಜ್ಞಾನಿಗಳು ಮಂಡಿಸಿದ ವಾದಗಳಲ್ಲಿಯೂ ಹುರುಳಿಲ್ಲವೆನ್ನಲಾಗದು. ಆದರೆ ಕಾರಂತರ ನಿಲುವು ಅವರ ಹಳೆಯ ಪಾಠದ ಮುಂದುವರಿಕೆಯೇ ಎಂಬುದನ್ನು ಬಹುಮಂದಿ ಗಮನಿಸಲಿಲ್ಲ.

ಇದನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸುತ್ತೇನೆ. ಅದೇ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳಿವೆ. ಜನ ಅವನ್ನು ಜಡ್ಡಿಯೆನ್ನುತ್ತಾರೆ. ಸದಾ ನೀರು ನಿಂತ ಆ ನೆಲದಲ್ಲಿ ಮರದ ಬೇರುಗಳು ಮಡಿಸಿದ ಮಂಡಿಯಂತೆ ಮೇಲೆದ್ದು ಉಸಿರಾಡುತ್ತವೆ. ಈ ರಚನೆ ರೂಪುಗೊಳ್ಳಲು ಹಿಡಿದ ಕಾಲ ಮನುಷ್ಯನ ಚರಿತ್ರೆಗಿಂತ ಎಷ್ಟೋ ದೀರ್ಘ. ತೊರೆಯ ನೀರನ್ನು ತಿರುಗಿಸಲು ಹಿಡಿಯುವ ಕಾಲ ಒಂದು ಬೇಸಗೆ. ನೀರು ಬತ್ತಿದರೆ ಆ ಮರ ಬೇರೆ ಬಗೆಯ ಬೇರನ್ನು ಬಿಡಲಾರದು, ಎದ್ದು ಬೇರೆಡೆಗೆ ನಡೆಯಲಾರದು, ಒಣಗಿ ಸಾಯುತ್ತದೆ. ಒಂದು ನೆಲಕ್ಕೆ ಎಷ್ಟು ಚೆನ್ನಾಗಿ ಒಗ್ಗಿದ ಜೀವಿಯೋ, ಆ ನೆಲ ಕೆಟ್ಟಾಗ ಅದು ಅಷ್ಟೇ ನಿಸ್ಸಹಾಯ. ಗಿಡಗಳು ಎಲ್ಲಕ್ಕೂ ಹೊಂದಿಕೊಳ್ಳುತ್ತವೆಂದು ಮಕ್ಕಳಿಗೆ ಹೇಳಿ ಅಲ್ಲಿಗೆ ಪಾಠವನ್ನು ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಉಳಿದರ್ಧವನ್ನು ಹೇಳಲು ಕಾರಂತರು ಮುಪ್ಪಿನಲ್ಲಿ ಬೀದಿಗಿಳಿದರು.

ವಿಚಿತ್ರವೆಂದರೆ, ಜೀವಿಗಳು ಪರಿಸರಕ್ಕೆ ಒಗ್ಗಿ ಬಾಳುವ ಕಥೆಯನ್ನು ಮಕ್ಕಳಿಗೆ ಹೇಳಿದ ಈ ಮನುಷ್ಯ ತಾನು ಮಾತ್ರ ಯಾವ ಪರಿಸರಕ್ಕೂ ಸುಲಭವಾಗಿ ಒಗ್ಗಲಿಲ್ಲ. ಕಾಲೇಜಿಗೆ ಒಗ್ಗಲಿ‌ಲ್ಲ, ಜಾತಿಗೆ ಒಗ್ಗಲಿಲ್ಲ, ಸರಕಾರಕ್ಕೆ ಒಗ್ಗಲಿಲ್ಲ, ಸಾಹಿತ್ಯದ ಯಾವ ಪಂಥಕ್ಕೂ ಒಗ್ಗಲಿಲ್ಲ. ಇದು ವಿರೋಧಾಭಾಸವೆಂದು ತೋರಬಹುದು. ನಾನು ಹಾಗೆ ತಿಳಿಯುವುದಿಲ್ಲ. ಗಿಡಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗೆ ಇದೆ. ಎಲ್ಲಿ ಒಗ್ಗಬೇಕು, ಎಲ್ಲಿ ಒಗ್ಗಬಾರದು ಎಂಬುದನ್ನು ತಿಳಿಯುವುದೇ ವಿದ್ಯೆ. ಮಣ್ಣಿಗೂ ಮಳೆಗೂ ಅವರು ತಲೆಬಾಗಿದರು, ಅನ್ಯಾಯಕ್ಕೆ ಬಾಗಲಿಲ್ಲ. 1997ರ ದಶಂಬರ 9ರಂದು ಮಣಿಪಾಲದಲ್ಲಿ ಅವರ ಬಾಳು ಮುಗಿಯಿತು.

ಪುತ್ತೂರಿನ ಬಾಲವನ ಇಂದು ಅವರ ಸ್ಮಾರಕವಾಗಿ ಉಳಿದಿದೆ. ಅದನ್ನು ನೋಡಬಂದವರು ಮನೆಯನ್ನೂ ರಂಗಶಾಲೆಯನ್ನೂ ನೋಡಿ ಹೋಗುತ್ತಾರೆ. ಆದರೆ ಸುಳ್ಯ ಕಡಬಗಳ ಗುಡ್ಡಗಳಲ್ಲಿ ಕಾರಂತರು ಕಂಡ ಕಾಡಿನ ಎಷ್ಟೋ ಭಾಗ ಇಂದು ರಬ್ಬರ್ ತೋಟವಾಗಿದೆ. ಆ ಊರುಗಳಿಂದ ನನ್ನ ತರಗತಿಗೆ ಬರುವ ಹುಡುಗ ಹುಡುಗಿಯರಲ್ಲಿ ತುಳು, ಅರೆಭಾಷೆ, ಹವಿಗನ್ನಡ, ಕೊಂಕಣಿ, ಮಲಯಾಳಗಳನ್ನು ಮನೆಯಲ್ಲಿ ಆಡುವವರಿದ್ದಾರೆ. ಸಸ್ಯಗಳು ಪರಿಸರಕ್ಕೆ ಒಗ್ಗುವುದಕ್ಕೆ ಉದಾಹರಣೆ ಕೇಳಿದರೆ ಅವರು ಮರುಭೂಮಿಯ ಪಾಪಾಸುಕಳ್ಳಿಯನ್ನೇ ಮೊದಲು ಹೇಳುತ್ತಾರೆ. ಉತ್ತರ ಸರಿಯಾದುದೇ. ಆದರೆ ಮರಕೆಸುವಿನ ಪತ್ರೊಡೆ ತಿಂದು ಬೆಳೆದವರ ಬಾಯಿಂದ ಮರಕೆಸುವಿನ ಹೆಸರು ಬರದೆಹೋದಾಗ, ಕಾರಂತರು ಮುಚ್ಚಹೊರಟ ಬಿರುಕು ಇನ್ನೂ ಬಾಯ್ದೆರೆದೇ ಇದೆಯೆಂಬುದು ಅರಿವಾಗುತ್ತದೆ. ಮನೆಯ ಭಾಷೆಯಲ್ಲಿರುವ ಗಿಡದ ಹೆಸರು ಮರೆತುಹೋದರೆ, ಅದರ ಸಂಗಡ ಅಜ್ಜಿಯರು ಕೂಡಿಟ್ಟ ತಿಳಿವಳಿಕೆಯೂ ಹೋಗುತ್ತದೆ. ಗಿಡವೇ ಹೋದರೂ ಆಗ ಕೇಳುವವರಿರುವುದಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ಅರಿಕೆಯೊಂದೇ. ಮಳೆ ಬಿಟ್ಟ ಒಂದು ಬೆಳಗ್ಗೆ ಮಕ್ಕಳನ್ನು ಶಾಲೆಯ ಹಿಂದಿನ ಪದವಿಗೆ ಕರೆದುಕೊಂಡು ಹೋಗಿರಿ. ಕಂಡ ಗಿಡಕ್ಕೆ ಮನೆಯಲ್ಲಿ ಏನೆನ್ನುತ್ತಾರೆಂದು ಒಬ್ಬೊಬ್ಬರನ್ನೂ ಕೇಳಿರಿ. ಅದು ಅಲ್ಲಿಯೇ ಏಕೆ ಬೆಳೆದಿದೆಯೆಂದು ಅವರೇ ಯೋಚಿಸಲಿ. ಪುಸ್ತಕವನ್ನು ತೆರೆಯುವುದು ಆಮೇಲೆ. 1936ರಲ್ಲಿ ಒಬ್ಬಂಟಿಯಾಗಿ ಆರಂಭವಾದ ಕೆಲಸ ಮುಂದುವರಿಯಲು ಇಂದು ಬೇಕಾಗಿರುವುದು ಇಷ್ಟೇ.